ವೀಣೆಯ ವಿಮಾನಯಾನ

ಗಾಯಕನು ತನ್ನ ವಾದ್ಯವನ್ನು ಕೊರಳಿನಲ್ಲಿಯೇ ಇರಿಸಿಕೊಂಡು ದೇಶ ಸುತ್ತುತ್ತಾನೆ. ಅವನಿಗೆ ನೆಗಡಿ ಕೆಮ್ಮುಗಳ ಭಯವೊಂದೇ. ವೈಣಿಕನ ಪಾಡು ಹಾಗಲ್ಲ. ತನ್ನ ದನಿಯನ್ನೇ ಪೆಟ್ಟಿಗೆಯಲ್ಲಿಟ್ಟು, ಗುರುತು ಪರಿಚಯವಿಲ್ಲದವರ ಕೈಗೆ ಒಪ್ಪಿಸಿ ಅವನು ವಿಮಾನವನ್ನೇರಬೇಕು. ಇಳಿದ ಊರಿನಲ್ಲಿ ಆ ಪೆಟ್ಟಿಗೆಯನ್ನು ತೆರೆದು ನೋಡುವವರೆಗೆ ಅವನಿಗೆ ನೆಮ್ಮದಿಯಿಲ್ಲ.

ಕೊಳಲು ಕೈಚೀಲದಲ್ಲಿ ಅಡಗೀತು; ಪಿಟೀಲು ತಲೆಯ ಮೇಲಿನ ಗೂಡಿನಲ್ಲಿ ಹೇಗೋ ಹಿಡಿದೀತು. ವೀಣೆಯ ಉದ್ದವಾದರೋ 4 ಅಡಿಗೂ ಮಿಗಿಲು. ನಮ್ಮ ದೇಶದ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣಿಕನು ಕೈಯಲ್ಲಿ ಒಯ್ಯಬಹುದಾದ ಸಾಮಾನು ಬಹುಮಟ್ಟಿಗೆ 7 ಕಿಲೋಗ್ರಾಂ. ಆದುದರಿಂದ ವೀಣೆಯು ಬಟ್ಟೆಬರೆಗಳ ಪೆಟ್ಟಿಗೆಗಳೊಡನೆ ವಿಮಾನದ ಒಡಲನ್ನು ಸೇರುತ್ತದೆ.

ವೀಣೆಯ ರಚನೆಯನ್ನು ಬಲ್ಲವರಿಗೆ ಇದರ ಅಪಾಯ ಹೊಳೆಯದಿರದು. ಹಲಸಿನ ಮರದ ಕೊಡ, ನೀಳವಾದ ದಂಡಿ, ತುದಿಯಲ್ಲಿ ಬಾಗಿದ ಯಾಳಿಯ ಮುಖ. ಒಂದು ಪೆಟ್ಟು ಬಿದ್ದರೆ ಮೊದಲು ನೋಯುವುದು ಇವು ಕೂಡುವ ಸಂಧಿಗಳೇ. ದಂಡಿಯ ಮೇಲಿನ 24 ಮೆಟ್ಟಿಲುಗಳಾದರೂ ಮೇಣದಲ್ಲಿ ಕೂರಿಸಿದವು. ಬೇಸಗೆಯ ಬಿಸಿಲಿನಲ್ಲಿ ಪೆಟ್ಟಿಗೆಯು ನಿಲ್ದಾಣದ ಬಯಲಿನಲ್ಲಿ ಬಿದ್ದಿದ್ದರೆ ಮೇಣ ಮೆತ್ತಗಾಗುತ್ತದೆ. ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಕಿವಿಯಿಂದಲೇ ಅಳೆದು ಮೇಳ ಕಟ್ಟಬಲ್ಲ ಕುಶಲಿಗಳು ಪರದೇಶದಲ್ಲಿ ಕರೆದಲ್ಲಿಗೆ ಬರುವರೆ?

ಪಾಶ್ಚಾತ್ಯ ವಾದಕರ ಕಷ್ಟವೂ ಇದೇ ಬಗೆಯದು. ಚೆಲ್ಲೊ ಎಂಬ ದೊಡ್ಡ ತಂತಿವಾದ್ಯಕ್ಕಾಗಿ ಅವರು ಪ್ರತ್ಯೇಕ ಟಿಕೆಟ್ಟು ಕೊಂಡು, ಅದನ್ನು ಪಕ್ಕದ ಆಸನದಲ್ಲಿ ಕಟ್ಟಿ ಕೂರಿಸುವುದುಂಟು. ಅಮೆರಿಕದ ಪ್ರಖ್ಯಾತ ವಾದಕ ಲಿನ್ ಹ್ಯಾರೆಲ್ ತಮ್ಮ ಚೆಲ್ಲೊವಿನ ಟಿಕೆಟ್ಟುಗಳಿಗೂ ಪ್ರಯಾಣದ ರಿಯಾಯಿತಿ ಅಂಕಗಳನ್ನು ಕೂಡಿಹಾಕುತ್ತಿದ್ದರು. 2012ರಲ್ಲಿ ವಿಮಾನ ಸಂಸ್ಥೆಯು ವಾದಕ, ವಾದ್ಯ ಇಬ್ಬರ ಖಾತೆಗಳನ್ನೂ ಮುಚ್ಚಿಬಿಟ್ಟಿತು! ಅದೇ ವರ್ಷ ಅಮೆರಿಕದ ಶಾಸನವೊಂದು ವಾದಕರ ನೆರವಿಗೆ ಬಂದಿತು. ಅದರ ನಿಯಮಗಳು 2015ರಲ್ಲಿ ಜಾರಿಗೆ ಬಂದವು. ಹತ್ತುವ ವೇಳೆಗೆ ಸ್ಥಳವಿದ್ದರೆ ಸಣ್ಣ ವಾದ್ಯವನ್ನು ಒಳಗೆ ಬಿಡಬೇಕು. ಟಿಕೆಟ್ಟು ಕೊಂಡರೆ, ಸುರಕ್ಷತೆಗೆ ಅಡ್ಡಿಯಾಗದಂತೆ, 165 ಪೌಂಡುಗಳವರೆಗಿನ ದೊಡ್ಡ ವಾದ್ಯಕ್ಕೂ ಆಸನ ದೊರೆಯಬಹುದು. ಆದರೆ ಎರಡು ಟಿಕೆಟ್ಟುಗಳ ಹಣವನ್ನು ತೆರಬಲ್ಲ ವೈಣಿಕರು ಎಷ್ಟು ಮಂದಿ?

ಅನುಭವಿಗಳು ಕೆಲವು ಎಚ್ಚರಿಕೆಗಳನ್ನು ಪಾಲಿಸುತ್ತಾರೆ. ತಂತಿಗಳನ್ನು ಪೂರ್ತಿ ಬಿಚ್ಚದೆ ತುಸು ಸಡಿಲಿಸುವುದು. ಗಟ್ಟಿ ಪೆಟ್ಟಿಗೆಯೊಳಗೆ ವಾದ್ಯವು ಅಲುಗದಂತೆ ಮೆತ್ತೆಯನ್ನು ತುಂಬುವುದು. ಹೊರಡುವ ಮುನ್ನ ವೀಣೆಯ ಭಾವಚಿತ್ರ ತೆಗೆದಿಡುವುದು. ಅದಕ್ಕೆ ವಿಮೆ ಮಾಡಿಸುವುದು. ವಿಮೆಯಿಂದ ಹಣ ಬಂದೀತು. ಮೂವತ್ತು ವರ್ಷ ಬೆರಳಿಗೆ ಒಗ್ಗಿದ ನಾದವು ಬಾರದು.

ಬೆಂಗಳೂರಿನಲ್ಲಿ ಇದಕ್ಕೊಂದು ಬೇರೆಯ ಪರಿಹಾರ ಹುಟ್ಟಿತು. ಎಚ್.ಎ.ಎಲ್. ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ, ಕೊಳಲು ವಾದಕರೂ ಆದ ಜಿ. ರಾಜನಾರಾಯಣ್ ರಾಡೆಲ್ ಸಂಸ್ಥೆಯನ್ನು ಸ್ಥಾಪಿಸಿ, ಮೊದಲು ವಿದ್ಯುನ್ಮಾನ ತಂಬೂರಿಯನ್ನೂ ಮುಂದೆ ಪ್ರಯಾಣಕ್ಕೆ ಒದಗುವ ವಿದ್ಯುನ್ಮಾನ ವೀಣೆಯನ್ನೂ ರೂಪಿಸಿದರು. ಅನೇಕರಿಗೆ ಇದರಿಂದ ಉಪಕಾರವಾಗಿದೆ. ಆದರೂ ಹಲಸಿನ ಕೊಡದಿಂದ ಹೊಮ್ಮುವ ದನಿಯೇ ಬೇಕೆನ್ನುವ ವೈಣಿಕರು ಇಂದಿಗೂ ಆ ಉದ್ದನೆಯ ಪೆಟ್ಟಿಗೆಯನ್ನು ಹೊತ್ತೇ ಹೊರಡುತ್ತಾರೆ.

ಕಚೇರಿಯ ಆರಂಭದಲ್ಲಿ ವೈಣಿಕರು ಬಿರಡೆ ತಿರುಗಿಸುತ್ತ, ಮತ್ತೆ ಮತ್ತೆ ತಂತಿ ಮೀಟುತ್ತ ಹೊತ್ತು ತೆಗೆದುಕೊಂಡರೆ ರಸಿಕರು ಬೇಸರಪಡುವುದುಂಟು. ದೂರದಿಂದ ಬಂದ ವೀಣೆಯಾದರೆ ಇನ್ನೈದು ನಿಮಿಷ ಕಾಯುವುದೇ ಲೇಸು. ವಾದಕರು ಆಗ ಕೇವಲ ಶ್ರುತಿ ಕೂಡಿಸುತ್ತಿಲ್ಲ. ಪ್ರಯಾಣದಲ್ಲಿ ತಮ್ಮ ವೀಣೆಗೆ ಏನಾದರೂ ಆಯಿತೇ ಎಂದು ವಿಚಾರಿಸುತ್ತಿದ್ದಾರೆ.