ಹಳೆಯ ಭಾವಚಿತ್ರದಲ್ಲಿರುವ ಮೋಟಾರು ಯಾವುದು?

ಕೆಲವು ಮನೆಗಳ ಚಾವಡಿಯ ಗೋಡೆಯಲ್ಲಿ, ಇಲ್ಲವೇ ಹಳೆಯ ಪೆಟ್ಟಿಗೆಯ ತಳದಲ್ಲಿ, ಮಾಸಿದ ಭಾವಚಿತ್ರಗಳಿರುತ್ತವೆ. ಅಂತಹ ಚಿತ್ರದಲ್ಲಿ ಹಿರಿಯರ ಪಕ್ಕದಲ್ಲಿ ಮೋಟಾರು ಕಾರೊಂದು ನಿಂತಿದ್ದರೆ ಮಕ್ಕಳ ಕಣ್ಣು ಮೊದಲು ಹೋಗುವುದು ಅದರ ಕಡೆಗೇ. ಇದು ಯಾವ ಕಾರು? ಯಾವ ಕಾಲದ್ದು? ಈ ಪ್ರಶ್ನೆಗೆ ಬರಿಯ ಊಹೆಯಿಂದ ಉತ್ತರಿಸಬೇಕಾಗಿಲ್ಲ. ಚಿತ್ರವೇ ಸಾಕ್ಷಿ ಹೇಳುತ್ತದೆ. ಆದರೆ ನಾವು ಅದನ್ನು ಕ್ರಮವಾಗಿ ಪ್ರಶ್ನಿಸಬೇಕು. ಒಂದು ಭೂತಕನ್ನಡಿ ಇದ್ದರೆ ಸಾಕು.

ಮೊದಲನೆಯದಾಗಿ, ಚಿತ್ರ ಎಡಬಲ ಅದಲುಬದಲಾಗಿ ಅಚ್ಚಾಗಿದೆಯೇ ಎಂದು ನೋಡಬೇಕು. ನೆಗೆಟಿವನ್ನು ತಿರುವಿಟ್ಟು ಅಚ್ಚು ತೆಗೆದರೆ ಬಲಗಡೆಯ ಸ್ಟಿಯರಿಂಗ್ ಎಡಗಡೆಗೆ ಬಂದುಬಿಡುತ್ತದೆ. ಗಂಡಸರ ಕೋಟಿನ ಗುಂಡಿಗಳು ಸಾಮಾನ್ಯವಾಗಿ ತೊಟ್ಟವರ ಬಲಬದಿಗೆ ಇರುತ್ತವೆ. ನಂಬರು ಹಲಗೆಯ ಅಕ್ಷರಗಳನ್ನು ಓದಲು ಬರಬೇಕು. ಇವೆರಡೂ ಸರಿಯಾಗಿದ್ದರೆ ಮುಂದುವರಿಯಬಹುದು.

ಎರಡನೆಯದಾಗಿ, ಕಾರಿನ ಮೂತಿಯನ್ನು ನೋಡಬೇಕು. ಎಂಜಿನನ್ನು ತಣಿಸುವ ನೀರಿನ ರೇಡಿಯೇಟರಿನ ಆಕಾರದಲ್ಲಿ ಹಲವು ಕಂಪೆನಿಗಳು ತಮ್ಮ ಗುರುತನ್ನು ಉಳಿಸಿಕೊಂಡಿದ್ದವು. ರೋಲ್ಸ್‌ ರಾಯ್ಸ್ ಕಾರಿನ ರೇಡಿಯೇಟರು ಗ್ರೀಕ್ ದೇವಾಲಯದ ಮುಖದಂತೆ ಕಾಣುತ್ತದೆ. ಫ್ರಾನ್ಸಿನ ರೆನೋ ಕಾರುಗಳಲ್ಲಿ ಬಹುಕಾಲ ರೇಡಿಯೇಟರು ಎಂಜಿನಿನ ಹಿಂದೆ ಇದ್ದುದರಿಂದ ಬಾನೆಟ್ಟು ಮುಂದಕ್ಕೆ ಇಳಿಜಾರಾಗಿರುತ್ತದೆ. ಒಮ್ಮೆ ನೋಡಿದವರು ಇವೆರಡನ್ನೂ ಮರೆಯಲಾರರು.

ಇನ್ನು, ಆ ಕಾಲದಲ್ಲಿ ಲೋಕದಲ್ಲೇ ಅತಿ ಹೆಚ್ಚು ತಯಾರಾದ ಫೋರ್ಡ್ ಟಿ ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮೆರಿಕದಲ್ಲಿ 1908ರಲ್ಲಿ ಆರಂಭವಾಗಿ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ಈ ಕಾರುಗಳು ತಯಾರಾದವು. ಅಮೆರಿಕದ ಕಾರಿಗೆ ಸ್ಟಿಯರಿಂಗ್ ಎಡಗಡೆ. ಭಾರತವೇ ಮೊದಲಾದ ಬ್ರಿಟಿಷ್ ಆಳ್ವಿಕೆಯ ನಾಡುಗಳಿಗೆ ಕೆನಡಾದ ಫೋರ್ಡ್ ಕಂಪೆನಿಯಿಂದ ಬಲಗಡೆ ಸ್ಟಿಯರಿಂಗ್ ಇರುವ ಕಾರುಗಳು ಬರುತ್ತಿದ್ದವು.

ಹತ್ತೊಂಬತ್ತು ವರ್ಷ ಒಂದೇ ಹೆಸರಿನಲ್ಲಿ ಬಂದರೂ ಈ ಕಾರಿನ ರೂಪ ಆಗಾಗ ಬದಲಾಯಿತು. ಮೊದಲ ವರ್ಷಗಳ ಕಾರಿನಲ್ಲಿ ದೊಡ್ಡ ದೀಪಗಳು ಅಸಿಟಿಲೀನ್ ಅನಿಲದಿಂದ ಉರಿಯುತ್ತಿದ್ದವು. ಫುಟ್‌ಬೋರ್ಡಿನ ಮೇಲಿನ ಡಬ್ಬಿಯಲ್ಲಿ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದಾಗ ಅನಿಲ ಹುಟ್ಟಿ, ಕೊಳವೆಯ ಮೂಲಕ ದೀಪಕ್ಕೆ ಹೋಗುತ್ತಿತ್ತು. ದೀಪದ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಪುಟ್ಟ ಗೂಡು ಇರುತ್ತದೆ. 1915ರ ಮಾದರಿಯಿಂದ ವಿದ್ಯುತ್ ದೀಪಗಳು ಬಂದವು. ಆ ಗೂಡು ಮಾಯವಾಯಿತು. ರೇಡಿಯೇಟರಿನ ಹೊಳೆಯುವ ಹಿತ್ತಾಳೆಯೂ ಬಹಳ ದಿನ ಉಳಿಯಲಿಲ್ಲ. 1917ರ ಮಾದರಿಯಲ್ಲಿ ಕಪ್ಪು ಬಣ್ಣದ ಕವಚ ಬಂತು. ಮೊದಲು ಚಪ್ಪಟೆಯಾಗಿದ್ದ ಮಡ್‌ಗಾರ್ಡುಗಳು ಆಗಲೇ ಉಬ್ಬಿದವು. ಚಕ್ರಗಳಿಗೆ ಮರದ ಅರಕಾಲುಗಳ ಬದಲು ತಂತಿ ಕಡ್ಡಿಗಳಿದ್ದರೆ, ಅದು ಕಂಪೆನಿಯೇ ಜೋಡಿಸಿದ್ದಾದಲ್ಲಿ, 1926ರ ಆಸುಪಾಸಿನ ಮಾದರಿ ಎನ್ನಬಹುದು. ಕೆನಡಾದ ಕಾರುಗಳಲ್ಲಿ ಈ ವಿವರಗಳು ತುಸು ಹಿಂದುಮುಂದಾಗಬಹುದು.

ಇಲ್ಲಿ ಒಂದು ನಿಯಮವನ್ನು ನೆನಪಿಡಬೇಕು. ಚಿತ್ರದಲ್ಲಿ ಕಾಣುವ ಅತ್ಯಂತ ಹೊಸ ವಸ್ತು ಯಾವುದೋ, ಆ ವಸ್ತು ಹುಟ್ಟುವ ಮೊದಲು ಆ ಚಿತ್ರ ತೆಗೆದಿರಲು ಸಾಧ್ಯವಿಲ್ಲ. "ಇದು 1910ರಲ್ಲಿ ನಡೆದ ಮದುವೆಯ ದಿಬ್ಬಣದ ಕಾರು" ಎಂದು ಮನೆಯಲ್ಲಿ ಹೇಳುತ್ತ ಬಂದಿರಬಹುದು. ಕಾರಿಗೆ ಕಪ್ಪು ರೇಡಿಯೇಟರ್ ಇದ್ದರೆ ಆ ಮಾತು ಕೂಡಿಬರುವುದಿಲ್ಲ. ಹಾಗೆಂದು ಹಿರಿಯರು ಸುಳ್ಳು ಹೇಳಿದರೆಂದಲ್ಲ. ಅದು ಅಜ್ಜನ ಮದುವೆಯ ಚಿತ್ರವಾಗಿರದೆ ಅವರ ತಮ್ಮನ ಮದುವೆಯದ್ದೂ ಆಗಿರಬಹುದು. ಆಗ ಮತ್ತೆ ವಿಚಾರಿಸಬೇಕು.

ಆದರೆ ಚಿತ್ರ ಎಷ್ಟು ಈಚಿನದು ಎಂಬುದನ್ನು ಕಾರು ಹೇಳಲಾರದು. ಕಾರನ್ನು ಕೊಂಡವರು ಹತ್ತಿಪ್ಪತ್ತು ವರ್ಷ ಓಡಿಸಿರಬಹುದು; ಎರಡನೆಯವರಿಗೆ ಮಾರಿರಬಹುದು; ಹಳೆಯ ಕಾರಿಗೆ ಹೊಸ ದೀಪ ಹಾಕಿಸಿರಬಹುದು. ಪಕ್ಕದಲ್ಲಿ ನಿಂತವರೇ ಅದರ ಒಡೆಯರು ಎಂದೂ ಹೇಳಲಾಗದು. ಇಲ್ಲಿ ನೆರವಿಗೆ ಬರುವವರು ಚಿತ್ರದಲ್ಲಿರುವ ಜನರು. ಕಾರು 1917ರ ಮಾದರಿ ಎಂದು ತಿಳಿಯಿತೆನ್ನಿ. ತಾಯಿಯ ಕಂಕುಳಲ್ಲಿರುವ ಒಂದು ವರ್ಷದ ಕೂಸು 1922ರಲ್ಲಿ ಹುಟ್ಟಿದ ದೊಡ್ಡಮ್ಮ ಎಂದು ಯಾರಾದರೂ ಗುರುತಿಸಿದರೆ, ಚಿತ್ರ 1923ರ ಸುಮಾರಿನದು ಎಂದು ತೀರ್ಮಾನವಾಯಿತು! ಕಾರು ಹೇಳಲಾರದ್ದನ್ನು ಕೂಸು ಹೇಳಿತು.

ವಿದ್ಯಾರ್ಥಿಗಳೇ, ಹೆತ್ತವರೇ, ಕಾರಿನ ಗುರುತನ್ನು ನಾಳೆಯೂ ಹಿಡಿಯಬಹುದು. ಅದಕ್ಕೆ ಪುಸ್ತಕಗಳಿವೆ, ತಜ್ಞರಿದ್ದಾರೆ. ಲೋಕದ ಯಾವ ಮೂಲೆಯಲ್ಲಿರುವವರೂ ಆ ದೀಪವನ್ನೂ ರೇಡಿಯೇಟರನ್ನೂ ಗುರುತಿಸಬಲ್ಲರು. ಆದರೆ ಕಾರಿನ ಬದಿಯಲ್ಲಿ ರುಮಾಲು ಸುತ್ತಿ ನಿಂತವರು ಯಾರು, ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗಿ ಯಾರು ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಅದನ್ನು ಬಲ್ಲವರು ಮನೆಯ ಅಜ್ಜಿ, ಅಜ್ಜ, ನೆರೆಮನೆಯ ವೃದ್ಧರು ಮಾತ್ರ. ಅವರ ಎದುರು ಚಿತ್ರವನ್ನಿಟ್ಟು ಎಡದಿಂದ ಬಲಕ್ಕೆ ಹೆಸರುಗಳನ್ನು ಕೇಳಿರಿ. ಚಿತ್ರದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆದಿಡಿರಿ. ಶಾಯಿ ಬೇಡ, ಅದು ಮುಂಬದಿಗೆ ಇಳಿದೀತು. ಈ ಕೆಲಸವನ್ನು ಬರುವ ರಜೆಗೆಂದು ಮುಂದೂಡಬೇಡಿರಿ.