ಒಂಬತ್ತು ಲಕ್ಷದ ದಂಡು, ಎಂಟು ಸಾವಿರ ಕುದುರೆ

ಶಕ 929ರ (ಕ್ರಿ.ಶ. 1007) ಹೊಟ್ಟೂರು ಶಾಸನವು ದೋಣೂರಿಗೆ ಬಂದಿಳಿದ ಚೋಳರ ದಂಡನ್ನು 9 ಲಕ್ಷ ಎಂದು ಎಣಿಸುತ್ತದೆ. 2011ರ ಜನಗಣತಿಯಲ್ಲಿ ಗೋಕಾಕ ನಗರದ ಜನಸಂಖ್ಯೆ ಸುಮಾರು 79 ಸಾವಿರ. ಶಾಸನದ ದಂಡು ಅದರ 11 ಪಟ್ಟು. ಚಾಲುಕ್ಯ ಸತ್ಯಾಶ್ರಯನು ಅದನ್ನು ಹಿಮ್ಮೆಟ್ಟಿಸಿದನೆಂದೂ ಅದೇ ಶಾಸನ ಹೇಳುತ್ತದೆ. ಗೆದ್ದವರ ಕಡೆಯವರು ಬರೆಸಿದ ಈ ಸಂಖ್ಯೆಯನ್ನು ಕಾಳಿನ ಲೆಕ್ಕಕ್ಕೆ ಹಚ್ಚಿ ನೋಡಬೇಕು.

ಆಳಿಗೆ ದಿನಕ್ಕೆ 1 ಕಿಲೋ ಜೋಳ ಎಂದು ಹಿಡಿದರೂ 9 ಲಕ್ಷ ಮಂದಿಗೆ 900 ಟನ್ ಬೇಕು. ಹೇರಿನ ಎತ್ತೊಂದು 100 ಕಿಲೋ ಹೊತ್ತರೆ ಒಂದು ದಿನದ ಕಾಳಿಗೆ 9,000 ಎತ್ತು, ಹತ್ತು ದಿನಕ್ಕೆ 90,000. ಮೂರು ಮೀಟರಿಗೊಂದರಂತೆ ಸಾಲಾಗಿ ಹೊರಟರೆ ಆ ಸಾಲಿನ ಉದ್ದ 270 ಕಿ.ಮೀ., ಗೋಕಾಕ–ಬೆಳಗಾವಿ ದಾರಿಯ ಸುಮಾರು ನಾಲ್ಕು ಪಟ್ಟು. ಕುದುರೆಯ ಕಾಳು, ಆನೆಯ ಮೇವು ಇದರಲ್ಲಿ ಸೇರಿಲ್ಲ. 9 ಲಕ್ಷವನ್ನು ದಂಡಿನ ತಲೆಯೆಣಿಕೆ ಎಂದು ಒಪ್ಪಲಾಗದು.

ಕುದುರೆಯ ಲೆಕ್ಕ ಇನ್ನೂ ಬಿಗಿ. ಅಕ್ಷೌಹಿಣಿ ಎಂದರೆ ಮಹಾಭಾರತದ ಸೇನಾಮಾನ: 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಒಟ್ಟು 2,18,700ರಲ್ಲಿ ಕುದುರೆಯ ಪಾಲು ಶೇ 30. ಅದೇ ಪ್ರಮಾಣದಲ್ಲಿ 9 ಲಕ್ಷದ ದಂಡಿಗೆ 2.7 ಲಕ್ಷ ಕುದುರೆ ಬೇಕು. ಮೂರು ಶತಮಾನದ ಬಳಿಕ ಪರ್ಷಿಯಾದ ಇತಿಹಾಸಕಾರ ವಸ್ಸಾಫ್ ಕೊಡುವ ಅಂಕಿಯಂತೆ, ಕೊಲ್ಲಿಯ ಬಂದರುಗಳಿಂದ ಭಾರತಕ್ಕೆ ವರ್ಷಕ್ಕೆ ಬರುತ್ತಿದ್ದುದು 10,000 ಕುದುರೆ. ತಲಾ 220 ದಿನಾರ್, ಒಟ್ಟು 22 ಲಕ್ಷ ದಿನಾರ್. 2.7 ಲಕ್ಷವೆಂದರೆ 27 ವರ್ಷದ ಆಮದು, ಅದೂ ಒಂದೂ ಸಾಯದಿದ್ದರೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬಹುಭಾಗ ಹೊಟ್ಟೂರು ಶಾಸನದ ಕಾಲದಲ್ಲಿ ರಟ್ಟರ ಮನೆತನದ ಕೂಂಡಿ-3000 ನಾಡಿನಲ್ಲಿತ್ತು. 13ನೇ ಶತಮಾನದ ಮೊದಲರ್ಧದಲ್ಲಿ ದೇವಗಿರಿಯ ಸೇವುಣರು ಅದನ್ನು ಗೆದ್ದರು. 1296ರಲ್ಲಿ ಆ ದೇವಗಿರಿಯನ್ನೇ ಮಣಿಸಿದ ಅಲಾವುದ್ದೀನ್ ಖಿಲ್ಜಿಯ ಬಳಿ ಇದ್ದುದು ಸುಮಾರು 8,000 ಸವಾರರು. ಸವಾರನಿಗೆ 1 ಕಿಲೋ, ಕುದುರೆಗೆ 4.5 ಕಿಲೋ ಕಾಳೆಂದರೆ ದಿನಕ್ಕೆ 44 ಟನ್, ಚೋಳ ದಂಡಿನ ಆಳುಗಳಿಗೆ ಬೇಕಾದ ಕಾಳಿನ ಶೇ 5ರಷ್ಟು. ದಾರಿಯ ಊರುಗಳಿಂದಲೇ ಹೊಂದಿಸಬಹುದಾದ ಮೊತ್ತವಿದು; ಅವನ ವೇಗಕ್ಕೆ ಇದೇ ಮುಖ್ಯ ಕಾರಣವೆಂಬುದು ನನ್ನ ಎಣಿಕೆ. ಸೇವುಣರ ಮುಖ್ಯ ಸೇನೆ ಆಗ ಊರಲ್ಲಿರಲಿಲ್ಲ. ಮುಂದೆ ವಿಜಯಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಷ್ತಾ ಬರೆಯುವಂತೆ, ಮುತ್ತಿಗೆಗೆಂದು ಅವಸರದಲ್ಲಿ ಕೋಟೆಯೊಳಗೆ ಸಾಗಿಸಿದ ಮೂಟೆಗಳನ್ನು ಬಿಚ್ಚಿದಾಗ ಸಿಕ್ಕಿದ್ದು ಧಾನ್ಯವಲ್ಲ, ಉಪ್ಪು. ಸೇವುಣ ದೊರೆ ರಾಮಚಂದ್ರ ಸಂಧಿಗೆ ಒಪ್ಪಿದ.