ಪುಣೆಗೆ ಹೊರಡುವ ಮೊದಲು ಕಿವಿ ತಯಾರಾಗಲಿ

ಮಗ ಇಂಜಿನಿಯರಿಂಗ್ ಓದ್ತಾನೆ ಅಂದರೆ ನಮ್ಮ ಮನೆಗಳಲ್ಲಿ ಯಾರೂ ಯಾಕೆ ಅಂತ ಕೇಳುವುದಿಲ್ಲ. ಸಂಗೀತ, ಶಬ್ದಗಳ ತಂತ್ರಜ್ಞಾನ ಕಲಿಯಲು ಪುಣೆಗೆ ಹೋಗ್ತೇನೆ ಅಂದರೆ ಮಾತ್ರ "ಅದರಿಂದ ಹೊಟ್ಟೆ ತುಂಬುತ್ತಾ?" ಅಂತ ಬಾಪ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ನಿಮ್ಮ ಬಳಿ ಉತ್ತರ ಇರಬೇಕು, ಅಷ್ಟೇ.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ (ಎಫ್‌ಟಿಐಐ) ಶುರುವಾದದ್ದು 1960ರಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ. ಕೇರಳದ ಕೊಲ್ಲಂ ಜಿಲ್ಲೆಯ ಹಳ್ಳಿಯೊಂದರಲ್ಲಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಓದಿದ ರಸೂಲ್ ಪೂಕುಟ್ಟಿ ಅಲ್ಲಿ ಕಲಿತು 1995ರಲ್ಲಿ ಹೊರಬಂದರು. 2009ರಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್' ಚಿತ್ರದ ಶಬ್ದ ಮಿಶ್ರಣಕ್ಕಾಗಿ ಇನ್ನಿಬ್ಬರ ಜೊತೆ ಆಸ್ಕರ್ ಪಡೆದರು.

ಒಂದು ಎಚ್ಚರಿಕೆ. ಅಲ್ಲಿನ ಶಬ್ದಗ್ರಹಣ ಕೋರ್ಸಿಗೆ ಪದವಿಯ ಜೊತೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕು ಎಂಬ ನಿಯಮವಿದೆ. ಹತ್ತನೇ ತರಗತಿ ಮುಗಿಸಿ ವಿಷಯ ಆರಿಸುವ ದಿನವೇ ಈ ಬಾಗಿಲು ತೆರೆಯುತ್ತದೆ, ಇಲ್ಲವೇ ಮುಚ್ಚುತ್ತದೆ. ಅರ್ಜಿ ಹಾಕುವ ಮುನ್ನ ಆ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿ.

ಭೌತಶಾಸ್ತ್ರ ಅಂದರೆ ಹೆದರಬೇಡಿ. ದಫ್ ಬಾರಿಸುವವರು ಮೊದಲು ಅದರ ಚರ್ಮವನ್ನು ಬೆಂಕಿಯ ಕಾವಿಗೆ ಹಿಡಿಯುವುದನ್ನು ನೀವು ನೋಡಿರಬಹುದು. ತೇವ ಆರಿ ಚರ್ಮ ಬಿಗಿಯಾಗುತ್ತದೆ; ಬಿಗಿಯಾದ ಚರ್ಮ ಸೆಕೆಂಡಿಗೆ ಹೆಚ್ಚು ಸಲ ಕಂಪಿಸುತ್ತದೆ; ಸ್ವರ ಏರುತ್ತದೆ. ಪಾಠ ಶುರುವಾಗುವುದು ಇಲ್ಲಿಂದಲೇ. ನಮ್ಮ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಕೇಳುತ್ತದೆ. ಒಂದು ಕಂಪನವನ್ನು ಅಂಕಿಗಳಲ್ಲಿ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಅದಕ್ಕೇ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ.

ಸಂಗೀತ ಮತ್ತು ಅಳತೆಯ ಈ ಸ್ನೇಹ ಹೊಸದಲ್ಲ. 1913ರಲ್ಲಿ ಪುಣೆಯಲ್ಲಿ ಸಂಗೀತ ಶಾಲೆ ತೆರೆದ ಉಸ್ತಾದ್ ಅಬ್ದುಲ್ ಕರೀಂ ಖಾನ್, ಶ್ರುತಿಗಳನ್ನು ಲೆಕ್ಕ ಹಾಕಲು ಹೊರಟ ಕೆ.ಬಿ. ದೇವಲ್ ಅವರಿಗೆ ನೆರವಾಗಿದ್ದರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳೂ ಇವರೇ.

ಇನ್ನು ತಯಾರಿ. ಸಾಲ ಮಾಡಿ ಮೈಕ್, ಕೀಬೋರ್ಡ್ ಕೊಳ್ಳಬೇಡಿ. ಕೈಯಲ್ಲಿರುವ ಫೋನ್ ಸಾಕು. ಒಂದೇ ವಾಕ್ಯವನ್ನು ಖಾಲಿ ಕೋಣೆಯಲ್ಲಿ, ಹಾಸಿಗೆ, ಪರದೆ ಇರುವ ಕೋಣೆಯಲ್ಲಿ, ಅಂಗಳದಲ್ಲಿ ರೆಕಾರ್ಡ್ ಮಾಡಿ. ಖಾಲಿ ಗೋಡೆ ದನಿಯನ್ನು ವಾಪಸ್ ಎಸೆಯುತ್ತದೆ, ಹಾಸಿಗೆ ಹೀರಿಕೊಳ್ಳುತ್ತದೆ. ವ್ಯತ್ಯಾಸವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಂಪ್ಯೂಟರ್ ಸಿಕ್ಕರೆ 'ಆಡಾಸಿಟಿ' ಎಂಬ ಉಚಿತ ತಂತ್ರಾಂಶದಲ್ಲಿ ಕತ್ತರಿಸಿ ಜೋಡಿಸುವುದನ್ನು ಕಲಿಯಿರಿ. ಶ್ರುತಿ ಹಿಡಿಯಲು ದಿನಕ್ಕೆ ಅರ್ಧ ಗಂಟೆ ಹಾಡಿ, ಇಲ್ಲವೇ ಒಂದು ವಾದ್ಯ ನುಡಿಸಿ. ಹೆಡ್‌ಫೋನಿನ ದನಿ ಹದವಾಗಿರಲಿ: ಕಿವಿ ಒಮ್ಮೆ ಹಾಳಾದರೆ ಬದಲಿ ಸಿಗುವುದಿಲ್ಲ.

ಸಂಗೀತದ ಬಗ್ಗೆ ನಿಮ್ಮ ಮನೆಯಲ್ಲಿ ಬೇರೆ ಅಭಿಪ್ರಾಯ ಇರಬಹುದು. ಜಗಳ ಬೇಡ. ಈ ವಿದ್ಯೆ ಹಾಡಿಗಷ್ಟೇ ಸೇರಿದ್ದಲ್ಲ ಅಂತ ತಿಳಿಸಿ ಹೇಳಿ. ಸುದ್ದಿ ವಾಹಿನಿ, ಡಬ್ಬಿಂಗ್, ಆಡಿಯೋ ಪುಸ್ತಕ, ಸಭಾಂಗಣದ ಧ್ವನಿವರ್ಧಕ ಎಲ್ಲದಕ್ಕೂ ಶಬ್ದ ಬಲ್ಲವರು ಬೇಕು. ಮೊದಲ ವರ್ಷಗಳಲ್ಲಿ ಸಹಾಯಕರಾಗಿ ಕಡಿಮೆ ಸಂಬಳಕ್ಕೆ ದುಡಿಯಬೇಕಾದೀತು ಎಂಬುದನ್ನೂ ಮುಚ್ಚಿಡಬೇಡಿ. ಆಮೇಲೆ ಉಮ್ಮನ ದನಿಯನ್ನು ರೆಕಾರ್ಡ್ ಮಾಡಿ, ಹಿಂದಿನ ಫ್ಯಾನಿನ ಸದ್ದು ತಗ್ಗಿಸಿ, ಅವರಿಗೇ ಕೇಳಿಸಿ. ನೀವು ಕಲಿಯಹೊರಟಿರುವುದು ಏನೆಂದು ಅವರಿಗೆ ಅರ್ಥವಾಗುತ್ತದೆ.